'ಸಂಸ್ಕಾರ'ದಲ್ಲಿ ಯಾರು ಯಾರಿಗೆ ಉಣಿಸಿದರು ನೋಡಿ

ನೀವು ಕೇಳಿದ್ದು ಇಷ್ಟು: "ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ ಪ್ರಾಣೇಶಾಚಾರ್ಯರು ಧರ್ಮದ ಸಂಕೇತ, ನಾರಣಪ್ಪ ಭೋಗದ ಸಂಕೇತ ಅಂತ ಓದಿದೆ. ಹಾಗಾದರೆ ಕಾದಂಬರಿ ಯಾರ ಪರ?"

ನಾನು ಧಾರವಾಡದವಳು. ಪಿಯುಸಿಯಲ್ಲಿ ಮೊದಲ ಸಲ ಓದಿದಾಗ ನಾನು ಪೂರ್ತಿ ನಾರಣಪ್ಪನ ಕಡೆ. ಸಾಲಿಗ್ರಾಮವನ್ನು ಹೊಳೆಗೆ ಎಸೆದವನು. ದೇವರ ಹೊಂಡದ ಮೀನು ಹಿಡಿದವನು. ಬಹಿಷ್ಕಾರ ಹಾಕಿದರೆ ಮುಸಲ್ಮಾನನಾಗುತ್ತೇನೆ ಅಂತ ಇಡೀ ಅಗ್ರಹಾರವನ್ನು ಹೆದರಿಸಿದವನು. ಹದಿನೇಳರ ವಯಸ್ಸಿಗೆ ಅಷ್ಟು ಸಾಕಿತ್ತು.

ನನ್ನ ಓದು ಬದಲಾಗಿದ್ದು ಅಪ್ಪ ತೀರಿಕೊಂಡ ಮೇಲೆ. ಹುಬ್ಬಳ್ಳಿಯ ಹಳೇ ಮನೆ. ಅಣ್ಣ ದೂರದಿಂದ ಬರಬೇಕಿತ್ತು, ಹೆಣ ಎತ್ತುವಾಗ ಮಧ್ಯಾಹ್ನ ದಾಟಿತ್ತು. ಅಲ್ಲಿಯವರೆಗೆ ಒಲೆ ಹಚ್ಚುವ ಹಾಗಿಲ್ಲ. ಅಳುವಿನ ನಡುವೆಯೇ ಹೊಟ್ಟೆ ಚುರುಗುಟ್ಟುತ್ತಿತ್ತು, ಅದಕ್ಕೆ ನಾಚಿಕೆಯೂ ಆಗುತ್ತಿತ್ತು. ಪಕ್ಕದ ಮನೆಯ ಅಕ್ಕಾರು ಹಿತ್ತಲಿಗೆ ಕರೆದು ಚಹಾ ಕೈಗಿಟ್ಟು, "ಒಂದ್ ಗುಟುಕರ ಕುಡಿ ಯವ್ವಾ" ಅಂದರು. ಕೆಲವು ವಾರ ಬಿಟ್ಟು ಪುಸ್ತಕ ಮತ್ತೆ ತೆಗೆದೆ. ಈ ಸಲ ಎಲ್ಲಿ ನೋಡಿದರೂ ಹಸಿವೇ ಕಂಡಿತು.

ಕಥೆ ಶುರುವಾಗುವುದೇ ಹಾಗೆ ಅಲ್ವಾ? ನಾರಣಪ್ಪ ಶಿವಮೊಗ್ಗದಿಂದ ಜ್ವರ ಹೊತ್ತು ತಂದು ಸತ್ತಿದ್ದಾನೆ. ಹೆಣ ಸುಡುವವರೆಗೆ ದೂರ್ವಾಸಪುರದ ಮಾಧ್ವ ಅಗ್ರಹಾರದಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಆಚಾರ ಬಿಟ್ಟವನನ್ನು ಸುಡಬೇಕಾದವರು ಯಾರು ಅನ್ನುವುದು ತೀರ್ಮಾನವಾಗುವುದಿಲ್ಲ. ನಾರಣಪ್ಪನ ಜೊತೆ ಬಾಳುತ್ತಿದ್ದ ಚಂದ್ರಿ ಖರ್ಚಿಗೆ ಅಂತ ಮೈಮೇಲಿನ ಬಂಗಾರ ಬಿಚ್ಚಿಟ್ಟ ಮೇಲೆ, ಬೇಡ ಅಂದವರಿಗೇ ಆಸೆ ಹುಟ್ಟುತ್ತದೆ. ಅಗ್ರಹಾರದ ಬಡ ಬ್ರಾಹ್ಮಣ ದಾಸಾಚಾರ್ಯನಿಗಂತೂ ಹಸಿವು ತಡೆಯಲಾಗುವುದಿಲ್ಲ. ಕದ್ದು ಪಾರಿಜಾತಪುರಕ್ಕೆ ಹೋಗಿ, ತನ್ನವರು ಉಣ್ಣಬಾರದ ಸ್ಮಾರ್ತರ ಮನೆಯಲ್ಲಿ ತಿಂದು ಬರುತ್ತಾನೆ. ನಾನು ಅವನನ್ನು ಸಣ್ಣವನು ಅಂತ ಈಗ ಅನ್ನಲಾರೆ.

ಈಗ ಆಚಾರ್ಯರ ಮಾತು. ಕಾಶಿಯಲ್ಲಿ ಓದಿ ಬಂದ ವೇದಾಂತ ಶಿರೋಮಣಿ. ರೋಗದ ಹೆಂಡತಿ ಭಾಗೀರಥಿಗೆ ಇಪ್ಪತ್ತು ವರ್ಷ ಸ್ನಾನ ಮಾಡಿಸಿ, ಉಣಿಸಿ, ಔಷಧಿ ಕೊಟ್ಟವರು. ಒಳ್ಳೆಯ ಮನುಷ್ಯ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಸೇವೆ ಅವರಿಗೆ ಮೋಕ್ಷದ ದಾರಿಯೂ ಹೌದು. ಅವರು ಕೊಟ್ಟ ಪ್ರತಿ ತುತ್ತಿನ ಲೆಕ್ಕ ಎಲ್ಲೋ ಒಳಗೆ ಬರೆದಿಟ್ಟಿದೆ. ನಾರಣಪ್ಪನೂ ಲೆಕ್ಕ ಇಟ್ಟವನೇ. ಅವನು ಕುಡಿಯುವುದು, ಮಾಂಸ ತಿನ್ನುವುದು ಬರೀ ರುಚಿಗಲ್ಲ, ಆಚಾರ್ಯರು ನೋಡಲಿ ಅಂತ. ಕೊನೆಗೆ ಗೆಲ್ಲುವುದು ನೀವೋ ನಾನೋ ನೋಡೋಣ ಅಂತ ಸವಾಲು ಹಾಕುತ್ತಾನಲ್ಲ, ಅಲ್ಲೇ ಅವನು ಸಿಕ್ಕಿಬಿದ್ದ. ಆಚಾರ್ಯರಿಲ್ಲದೆ ಅವನ ಬಂಡಾಯಕ್ಕೆ ಅರ್ಥವೇ ಇಲ್ಲ.

ಇನ್ನೊಂದು ಗಮನಿಸಿ. 1970ರ ಸಿನಿಮಾದಲ್ಲಿ ಆಚಾರ್ಯರಾಗಿ ನಮ್ಮ ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಲಂಕೇಶ್. ಅಲ್ಲಿ ಎರಡು ಮುಖ ಎದುರೆದುರು ಕಾಣುತ್ತವೆ. 1965ರ ಕಾದಂಬರಿಯಲ್ಲಿ ನಾರಣಪ್ಪ ಶುರುವಿನಲ್ಲೇ ಹೆಣ. ಅವನ ಚೂಪಾದ ಮಾತುಗಳೆಲ್ಲ ಬರುವುದು ಬದುಕಿರುವವರ ನೆನಪಿನಿಂದ. ನೀವು ಹೇಳುವ ಜಗಳ ಜಾಸ್ತಿ ನಡೆಯುವುದು ಆಚಾರ್ಯರ ತಲೆಯೊಳಗೇ. ಸುಮ್ನೆ ಒಂದು ಕಡೆ ಧರ್ಮ, ಒಂದು ಕಡೆ ಭೋಗ ಅಂತ ಗೆರೆ ಎಳೆದರೆ ಇದು ತಪ್ಪಿಹೋಗುತ್ತದೆ.

ನನಗೆ ಇಡೀ ಕಾದಂಬರಿ ನಿಂತಿರುವುದು ಕಾಡಿನ ಆ ರಾತ್ರಿಯ ಮೇಲೆ. ಹೆಣ ಯಾರು ಸುಡಬೇಕು ಅನ್ನುವುದಕ್ಕೆ ತಾಳೆಗರಿಯ ಶಾಸ್ತ್ರಗಳಲ್ಲಿ ಉತ್ತರ ಸಿಗಲಿಲ್ಲ. ಮಾರುತಿ ಹೂವಿನ ಪ್ರಸಾದ ಕೊಡಲಿಲ್ಲ. ಆಚಾರ್ಯರು ಕತ್ತಲಲ್ಲಿ ಸೋತು ಬರುವಾಗ ಚಂದ್ರಿ ಎದುರಾಗುತ್ತಾಳೆ. ಅವರ ಬಾಯಿಂದ ಬರುವುದು ಮಂತ್ರವಲ್ಲ, "ಅಮ್ಮಾ" ಅನ್ನುವ ಕೂಗು. ಅವಳು ಮಡಿಲಲ್ಲಿದ್ದ ಬಾಳೆಹಣ್ಣು ಸುಲಿದು ಉಣಿಸುತ್ತಾಳೆ. ಇಪ್ಪತ್ತು ವರ್ಷ ಉಣಿಸಿದ ಕೈ ಅಂದು ಉಣಿಸಿಕೊಂಡಿತು. ಆಮೇಲೆ ನಡೆದ ಕೂಡಿಕೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅದಕ್ಕಿಂತ ಮೊದಲಿನ ಈ ಹಣ್ಣನ್ನು ಮಾತ್ರ ಬಿಟ್ಟುಬಿಡುತ್ತಾರೆ, ನನಗೆ ಅದೇ ಬೇಜಾರು.

ಹಾಗಂತ ಚಂದ್ರಿಯನ್ನು ದೇವತೆ ಮಾಡಬೇಡಿ. ಇಂಥ ಪುಣ್ಯವಂತನಿಂದ ಮಗು ಆಗಲಿ ಅನ್ನುವ ಆಸೆ ಅವಳಿಗೂ ಇದೆ. ಆದರೆ ಅದೇ ರಾತ್ರಿ ಅವಳು ಹೋಗಿ ಮೀನು ವ್ಯಾಪಾರಿ ಅಹ್ಮದ್ ಬ್ಯಾರಿಯ ಸಹಾಯದಿಂದ ನಾರಣಪ್ಪನನ್ನು ಸುಟ್ಟು ಬರುತ್ತಾಳೆ. ಯಾವ ಶಾಸ್ತ್ರವನ್ನೂ ಕೇಳಲಿಲ್ಲ. ಹೆಣ ನಾರುತ್ತಿದೆ, ಸುಡಬೇಕು, ಅಷ್ಟೇ. ಅತ್ತ ಹೊಲಗೇರಿಯಲ್ಲಿ ಪ್ಲೇಗಿನಿಂದ ಸತ್ತವರನ್ನು ಗುಡಿಸಲ ಸಮೇತ ಸುಡುತ್ತಾರೆ. ಆ ಸಾವುಗಳಿಗೆ ಅಗ್ರಹಾರದಲ್ಲಿ ಒಂದು ಚರ್ಚೆಯೂ ಇಲ್ಲ. ಪರೀಕ್ಷೆಗೆ ಬರೆಯುತ್ತಿದ್ದರೆ ಇದನ್ನು ದಯವಿಟ್ಟು ಸೇರಿಸಿ.

ಯಾರ ಪರ ಅಂತ ಕೇಳಿದಿರಿ. ಮೇಳಿಗೆಯ ತೇರಿನ ಭಾಗವನ್ನು ನಿಧಾನವಾಗಿ ಓದಿ. ಹೆಂಡತಿ ಸತ್ತ ಸೂತಕದಲ್ಲೇ ಊರು ಬಿಟ್ಟ ಆಚಾರ್ಯರು, ದಾರಿಯಲ್ಲಿ ಜೊತೆಯಾದ ಪುಟ್ಟನ ಮಾತಿಗೆ ದೇವಸ್ಥಾನದ ಪಂಕ್ತಿಯಲ್ಲಿ ಕೂರುತ್ತಾರೆ. ಯಾರೋ ಗುರುತು ಹಿಡಿಯುತ್ತಾರೆ. ಊಟದ ನಡುವೆ ಎದ್ದು ಓಡುತ್ತಾರೆ. ದಾಸಾಚಾರ್ಯ ಕದ್ದು ತಿಂದದ್ದಕ್ಕೂ ಇದಕ್ಕೂ ಎಷ್ಟು ದೂರ ಅಂತ ನೀವೇ ನೋಡಿ. ಕೊನೆಗೆ ಗಾಡಿ ಹತ್ತಿ ಊರಿನ ಕಡೆ ಹೊರಡುತ್ತಾರೆ. ಎಲ್ಲವನ್ನೂ ಹೇಳಿಬಿಡಬೇಕು, ನಾರಣಪ್ಪನ ಸಂಸ್ಕಾರ ಇನ್ನೂ ಬಾಕಿ ಇದೆ ಅಂತ ಅವರ ಮನಸ್ಸಿನಲ್ಲಿ. ಅದು ಚಂದ್ರಿಯ ಕೈಯಿಂದ ಎಂದೋ ಮುಗಿದಿದೆ, ಅವರಿಗೆ ಗೊತ್ತಿಲ್ಲ.