ಕಡಲ ಊರಿಗೆ ಇಬ್ಬರೇ ಹೊರಟಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಓದುಗರಿಂದ ಗಂಡ-ಹೆಂಡತಿ ಇಬ್ಬರೇ ಸಮುದ್ರ ತೀರದ ಊರಿಗೆ ಹೋಗಿ ಬರುವ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಕ್ಕಲುತನದ ಮನೆ. ಮದುವೆಯಾಗಿ ಒಂಬತ್ತು ವರ್ಷವಾಯಿತು, ಇಬ್ಬರು ಮಕ್ಕಳಿದ್ದಾರೆ. ಕೂಡು ಕುಟುಂಬವಾದ್ದರಿಂದ ನಾವಿಬ್ಬರೇ ಎಂದೂ ಎಲ್ಲಿಗೂ ಹೋದವರಲ್ಲ. ಮಂತ್ರಾಲಯ, ಶ್ರೀಶೈಲಕ್ಕೆ ಹೋದಾಗಲೂ ಮನೆಮಂದಿಯೆಲ್ಲ ಜೊತೆಗಿದ್ದರು. ದೀಪಾವಳಿ ಮುಗಿದ ಕೂಡಲೇ ನಾಲ್ಕು ದಿನ ಪುದುಚೇರಿಗೆ ಹೋಗಬೇಕೆಂಬ ಆಸೆ ನನಗಿದೆ. ಅಷ್ಟು ದೂರ ಹೋದ ಮೇಲೆ ತಿರುಪತಿ, ಕಂಚಿ, ಮಹಾಬಲಿಪುರ ಎಲ್ಲವನ್ನೂ ಮುಗಿಸಿಕೊಂಡೇ ಬರೋಣ ಎಂಬುದು ಯಜಮಾನರ ಮಾತು. ಅತ್ತೆಯವರಿಗೆ ಹೇಗೆ ಹೇಳಬೇಕೆಂಬುದೂ ತಿಳಿಯುತ್ತಿಲ್ಲ.

ಉತ್ತರ: ಮೊದಲು ದಿನಾಂಕವನ್ನು ಬದಲಿಸಿಕೊಳ್ಳಿ. ನಮ್ಮ ಕಡೆ ದೀಪಾವಳಿಯ ಹೊತ್ತಿಗೆ ಮಳೆಗಾಲ ಮುಗಿದು ಆಕಾಶ ತಿಳಿಯಾಗುತ್ತದೆ, ಆದರೆ ಪೂರ್ವ ಕರಾವಳಿಯಲ್ಲಿ ನಿಜವಾದ ಮಳೆಗಾಲ ಆಗಲೇ ಶುರುವಾಗುತ್ತದೆ. ಹಿಂಗಾರು ಮಾರುತಗಳು ಬಂಗಾಳ ಕೊಲ್ಲಿಯ ತೇವವನ್ನು ಹೊತ್ತುಕೊಂಡು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ತಮಿಳುನಾಡು, ಪುದುಚೇರಿಗಳ ತೀರಕ್ಕೆ ಮಳೆ ಸುರಿಸುತ್ತವೆ, ಚಂಡಮಾರುತಗಳೂ ಹೆಚ್ಚಾಗಿ ಈ ತಿಂಗಳುಗಳಲ್ಲೇ ಬರುತ್ತವೆ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿಯೇ ದಡ ಮುಟ್ಟಿದಾಗ ಒಂದು ದಿನದೊಳಗೆ ಅಲ್ಲಿ ಸುಮಾರು 48 ಸೆಂಟಿಮೀಟರ್ ಮಳೆಯಾಯಿತು. ಬಿಸಿಲು, ತಿಳಿ ನೀಲಿ ಕಡಲು, ಸಂಜೆಯ ತಂಗಾಳಿ ಬೇಕೆಂದರೆ ಜನವರಿಯ ಕೊನೆಯ ವಾರದಿಂದ ಫೆಬ್ರುವರಿ ಮುಗಿಯುವವರೆಗಿನ ಅವಧಿಯೇ ಸರಿ. ಜನವರಿಯ ನಡುವೆ ಪೊಂಗಲ್ ಇರುವುದರಿಂದ ಆ ವಾರ ರೈಲು, ಬಸ್ಸು, ಕೋಣೆ ಯಾವುದೂ ಸುಲಭವಾಗಿ ಸಿಗುವುದಿಲ್ಲ. ನಿಮ್ಮ ಹೊಲದ ಲೆಕ್ಕಕ್ಕೂ ಈ ಅವಧಿ ಹೊಂದುತ್ತದೆ. ದೀಪಾವಳಿಯ ಬೆನ್ನಿಗೇ ಹೊರಟರೆ ಭತ್ತದ ಕೊಯ್ಲಿನ ನಡುವೆ ಯಜಮಾನರ ಮನಸ್ಸು ಯಂತ್ರದ ಬಾಡಿಗೆ, ಮಾರುಕಟ್ಟೆಯ ದರಗಳ ಮೇಲೆಯೇ ಇರುತ್ತದೆ, ನೀವು ಕಡಲ ದಂಡೆಯಲ್ಲಿ ಅವರ ಫೋನ್ ಸಂಭಾಷಣೆ ಕೇಳುತ್ತ ಕೂರಬೇಕಾಗುತ್ತದೆ. ಎರಡನೇ ಬೆಳೆಗೆ ಕಾಲುವೆ ನೀರು ಬಿಡುವ ವರ್ಷವಾದರೆ ನಾಟಿ ಮುಗಿಸಿ ಹೊರಡಿ.

ರಾಯಚೂರು ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿರುವುದು ನಿಮಗೆ ದೊಡ್ಡ ಅನುಕೂಲ. ರಾತ್ರಿ ಪ್ರಯಾಣದ ರೈಲು ಹಿಡಿದು ಚೆನ್ನೈ ತಲುಪಿದರೆ ಅಲ್ಲಿಂದ ಪುದುಚೇರಿಗೆ ಕಡಲ ಪಕ್ಕದ ರಸ್ತೆಯಲ್ಲಿ ಸುಮಾರು 150 ಕಿಲೋಮೀಟರ್, ಬಸ್ಸುಗಳು ಬೇಕಾದಷ್ಟಿವೆ. ಈಗ ರೈಲಿನ ಮುಂಗಡ ಟಿಕೆಟ್ ಪ್ರಯಾಣಕ್ಕೆ 60 ದಿನ ಮೊದಲು ಸಿಗುತ್ತದೆ. 2024ರ ನವೆಂಬರ್‌ಗೆ ಮುಂಚೆ ಇದ್ದ 120 ದಿನಗಳ ನಿಯಮವನ್ನೇ ನೆನಪಿಟ್ಟುಕೊಂಡವರು ಇನ್ನೂ ಇದ್ದಾರೆ, ಅವರ ಮಾತು ಕೇಳಬೇಡಿ. ಶನಿವಾರ, ಭಾನುವಾರಗಳಲ್ಲಿ ಚೆನ್ನೈ, ಬೆಂಗಳೂರುಗಳ ಜನ ಪುದುಚೇರಿಯನ್ನು ತುಂಬಿಬಿಡುತ್ತಾರೆ ಮತ್ತು ಕೋಣೆಯ ಬಾಡಿಗೆಯೂ ಏರುತ್ತದೆ. ಸೋಮವಾರ ತಲುಪಿ ಗುರುವಾರ ಹೊರಟರೆ ಊರು ನಿಮ್ಮದಾಗಿರುತ್ತದೆ.

ಇನ್ನು ಯಜಮಾನರ ಮಾತು. ಅವರ ಲೆಕ್ಕಾಚಾರದಲ್ಲಿ ಉಳಿತಾಯವಿದೆ ಎಂಬುದನ್ನು ಒಪ್ಪುತ್ತೇನೆ, ಆದರೆ ನಾಲ್ಕು ದಿನಗಳಲ್ಲಿ ನಾಲ್ಕು ಊರು ಹಾಕಿಕೊಂಡರೆ ನಿಮಗೆ ಸಿಗುವುದು ಬಸ್ ನಿಲ್ದಾಣಗಳು, ಸರದಿ ಸಾಲುಗಳು ಮತ್ತು ಬೆನ್ನು ನೋವು ಮಾತ್ರ. ತಿರುಪತಿಗೆ ಮನೆಮಂದಿಯೊಂದಿಗೆ ಇನ್ನೊಮ್ಮೆ ಹೋಗಬಹುದು. ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿ ಇಬ್ಬರೇ ಹೋಗುತ್ತಿರುವಾಗ ಒಂದೇ ಊರಿನಲ್ಲಿ, ಒಂದೇ ಕೋಣೆಯಲ್ಲಿ ಮೂರು ರಾತ್ರಿ ಇರಿ ಎಂಬುದು ನನ್ನ ಗಟ್ಟಿಯಾದ ಸಲಹೆ. ಪುದುಚೇರಿ ಅದಕ್ಕೆ ತಕ್ಕ ಊರು. 1954ರವರೆಗೆ ಫ್ರೆಂಚರ ಕೈಯಲ್ಲಿದ್ದ ಹಳೆಯ ಬಡಾವಣೆಯ ಬೀದಿಗಳು ನೇರವಾಗಿವೆ, ದಾರಿ ತಪ್ಪಿದರೂ ಕೊನೆಗೆ ಕಡಲಿಗೇ ಬಂದು ಸೇರುತ್ತೀರಿ. ಸಂಜೆಯಾದ ಮೇಲೆ ಗಾಂಧಿ ಪ್ರತಿಮೆಯ ಎದುರಿನ ಕಡಲ ರಸ್ತೆಗೆ ವಾಹನಗಳನ್ನು ಬಿಡುವುದಿಲ್ಲ. ಇಡೀ ರಸ್ತೆ ನಡೆಯುವವರ ಪಾಲಿಗಿರುತ್ತದೆ, ಮನೆಯಲ್ಲಿ ಆಡಲಾಗದ ಮಾತುಗಳಿಗೆ ಅಷ್ಟು ಉದ್ದದ ರಸ್ತೆ ಸಾಕು. ಅಲ್ಲಿ ಅಲೆಗಳು ಬಡಿಯುವುದು ಕಪ್ಪು ಬಂಡೆಗಳಿಗೆ, ಆದ್ದರಿಂದ ನೀರಿಗಿಳಿಯುವ ಜಾಗ ಅದಲ್ಲ. ಬಂದರಿಗಾಗಿ ಕಡಲೊಳಗೆ ಗೋಡೆ ಕಟ್ಟಿದ ಮೇಲೆ ತೀರದುದ್ದಕ್ಕೂ ಸಾಗುತ್ತಿದ್ದ ಮರಳು ತಡೆದು, ಊರ ಮುಂದಿನ ಮರಳ ದಂಡೆ ಕೊಚ್ಚಿಹೋಯಿತು. ಅದನ್ನು ಕಾಯಲೆಂದು ಹಾಕಿದ ಬಂಡೆಗಳವು. ಪೂರ್ವದ ಕಡಲಾದ್ದರಿಂದ ಸೂರ್ಯ ನೀರಿನಿಂದ ಏಳುತ್ತಾನೆ, ಹೊಲಕ್ಕೆ ಹೋಗುವವರಿಗೆ ನಸುಕಿನಲ್ಲಿ ಏಳುವುದು ಕಷ್ಟವಲ್ಲ. ಒಂದು ದಿನ ಆರೋವಿಲ್‌ಗೆ ಹೋಗಿ ಬನ್ನಿ. 1968ರಲ್ಲಿ ಸ್ಥಾಪನೆಯಾದ ಆ ಊರಿನ ಮಾತೃಮಂದಿರವನ್ನು ಹೊರಗಿನಿಂದ ನೋಡುವುದು ಸುಲಭ, ಒಳಗೆ ಕುಳಿತು ಧ್ಯಾನ ಮಾಡಲು ಮೊದಲೇ ಹೆಸರು ನೋಂದಾಯಿಸಬೇಕು. ಉಳಿದ ದಿನಗಳನ್ನು ಖಾಲಿಯಾಗಿಯೇ ಇಟ್ಟುಕೊಳ್ಳಿ.

ಅತ್ತೆಯವರಿಗೆ ಹೇಳಬೇಕಾದವರು ಅವರ ಮಗ. ದೇವರ ಹರಕೆ, ಸ್ನೇಹಿತರ ಮನೆಯ ಮದುವೆ ಎಂಬ ನೆಪ ಹೂಡದೆ, "ಅವ್ವಾ, ನಾವಿಬ್ಬರೂ ನಾಲ್ಕು ದಿನ ಹೋಗಿ ಬರ್ತೀವಿ, ಹುಡುಗ್ರನ್ನ ನೋಡಿಕೋ" ಎಂದು ಒಂದು ತಿಂಗಳು ಮೊದಲೇ ಹೇಳಲಿ. ನೆಪ ಹೂಡಿದರೆ "ನಾವೂ ಬರ್ತೀವಿ" ಎಂಬ ಮಾತು ಬಂದೇ ಬರುತ್ತದೆ, ಆಗ ಬೇಡವೆನ್ನಲು ಬಾಯಿ ಇರುವುದಿಲ್ಲ. ಮಕ್ಕಳ ಶಾಲೆಯ ಡಬ್ಬಿ, ಔಷಧಿ, ಹಾಲಿನವರ ಲೆಕ್ಕ ಇವನ್ನೆಲ್ಲ ನೀವು ಮುಂಚಿತವಾಗಿ ಸರಿಮಾಡಿಟ್ಟರೆ ಅವರಿಗೂ ಹೊರೆಯಾಗದು.

ಪ್ರಶ್ನೆ: ನಾವು ಕೊಪ್ಪಳದವರು, ಮದುವೆಯಾಗಿ ಐದು ತಿಂಗಳು. ಸ್ವಂತ ಕಾರಿನಲ್ಲಿ ಕಾರವಾರಕ್ಕೆ ಹೋಗುವ ವಿಚಾರವಿದೆ. ಹೆಂಡತಿಯ ಆಧಾರ್ ಕಾರ್ಡಿನಲ್ಲಿ ಇನ್ನೂ ತವರಿನ ವಿಳಾಸ, ತಂದೆಯ ಹೆಸರು ಇದೆ. ಲಾಡ್ಜಿನವರು ತಕರಾರು ಮಾಡುತ್ತಾರೆಯೇ? ಇಬ್ಬರಿಗೂ ಕಾಲುವೆಯಲ್ಲಿ ಈಜಿ ಅಭ್ಯಾಸವಿದೆ, ಸಮುದ್ರದಲ್ಲಿ ಈಜಬಹುದೇ?

ಉತ್ತರ: ಹಿಂದೆ 63 ಎಂಬ ಸಂಖ್ಯೆಯಿದ್ದ ರಾಷ್ಟ್ರೀಯ ಹೆದ್ದಾರಿ ಅಂಕೋಲಾದ ಕಡಲ ತೀರದಿಂದ ಹೊರಟು ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳನ್ನು ಹಾದು ಆಂಧ್ರದ ಗುತ್ತಿಯವರೆಗೆ ಹೋಗುತ್ತಿತ್ತು. ಈಗ ಹುಬ್ಬಳ್ಳಿಯವರೆಗೆ 67, ಅಲ್ಲಿಂದ ಅಂಕೋಲಾಕ್ಕೆ 52 ಎಂಬ ಸಂಖ್ಯೆಗಳಿವೆ. ಸಂಡೂರು, ಹೊಸಪೇಟೆಗಳ ಅದಿರನ್ನು ಬೇಲೆಕೇರಿ, ಕಾರವಾರ ಬಂದರುಗಳಿಗೆ ಹೊತ್ತೊಯ್ಯುತ್ತಿದ್ದ ಲಾರಿಗಳ ದಾರಿಯೂ ಇದೇ ಆಗಿತ್ತು. ಯಲ್ಲಾಪುರದವರೆಗೆ ಕಷ್ಟವಿಲ್ಲ, ಅದರ ನಂತರದ ಅರಬೈಲ್ ಘಟ್ಟದಲ್ಲಿ ತಿರುವುಗಳು ಕಡಿದಾಗಿದ್ದು ಭಾರೀ ಲಾರಿಗಳ ಓಡಾಟ ಇಂದಿಗೂ ಇದೆ. ಬಯಲು ಸೀಮೆಯ ನೇರ ರಸ್ತೆಯಲ್ಲಿ ಓಡಿಸಿ ರೂಢಿಯಾದವರು ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿಹಿಡಿದು ಅದನ್ನು ಕಾಯಿಸಿಬಿಡುತ್ತಾರೆ. ಎರಡನೇ ಗೇರಿನಲ್ಲಿ ಇಳಿಯಿರಿ, ಬೆಳಗಿನ ಜಾವ ಊರು ಬಿಟ್ಟು ಯಲ್ಲಾಪುರದಲ್ಲಿ ಊಟ ಮುಗಿಸಿ ಹಗಲು ಬೆಳಕಿನಲ್ಲೇ ಘಟ್ಟ ದಾಟಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರಯಾಣ ಬೇಡ. 2024ರ ಜುಲೈಯಲ್ಲಿ ಅಂಕೋಲಾದ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರ ಜೀವ ಹೋಯಿತು. ನವೆಂಬರ್‌ನಿಂದ ಫೆಬ್ರುವರಿ ಪಶ್ಚಿಮ ಕರಾವಳಿಗೆ ಒಳ್ಳೆಯ ಕಾಲ.

ಕೋಣೆಯ ವಿಷಯದಲ್ಲಿ ಅಂಜಬೇಡಿ. ಗಂಡ-ಹೆಂಡತಿ ವಿವಾಹ ಪ್ರಮಾಣಪತ್ರ ತೋರಿಸಲೇಬೇಕೆಂಬ ಕಾನೂನು ಯಾವುದೂ ಇಲ್ಲ, ಇಬ್ಬರ ಗುರುತಿನ ಚೀಟಿ ಸಾಕು, ವಿಳಾಸಗಳು ಬೇರೆಯಾಗಿದ್ದರೂ ತೊಂದರೆಯಿಲ್ಲ. ಆದರೂ ರಾತ್ರಿ ಹೊತ್ತಿನಲ್ಲಿ ಎದುರು ನಿಂತು ವಾದಿಸುವ ಬದಲು, ಕೋಣೆ ಕಾದಿರಿಸುವಾಗಲೇ ಫೋನ್ ಮಾಡಿ ವಿಳಾಸದ ಸಂಗತಿ ಹೇಳಿ, ಒಪ್ಪಿಗೆಯನ್ನು ಸಂದೇಶದಲ್ಲಿ ಪಡೆದುಕೊಳ್ಳಿ.

ಈಜಿನ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ, ಏಕೆಂದರೆ ನಮ್ಮ ಸೀಮೆಯವರು ಕಡಲಲ್ಲಿ ಜೀವ ಕಳೆದುಕೊಳ್ಳುವುದು ಬಹಳ ಬಾರಿ ಈ ಧೈರ್ಯದಿಂದಲೇ. ಕಾಲುವೆಯಲ್ಲಿ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ದಡ ಎರಡೂ ಕಡೆ ಇರುತ್ತದೆ. ಕಡಲಲ್ಲಿ ದಡಕ್ಕೆ ಬಂದ ಅಲೆಗಳ ನೀರು ಹಿಂದಕ್ಕೆ ಹೋಗಲು ದಾರಿ ಹುಡುಕಿಕೊಳ್ಳುತ್ತದೆ ಮತ್ತು ಮರಳು ತಗ್ಗಾಗಿರುವ ಕಡೆ ಕಿರಿದಾದ ಪಟ್ಟಿಯಾಗಿ ರಭಸದಿಂದ ಒಳಗೆ ಹರಿಯುತ್ತದೆ. ಮೇಲಿನಿಂದ ನೋಡುವವರಿಗೆ ಆ ಜಾಗದಲ್ಲಿ ಅಲೆ ಒಡೆಯದೆ ನೀರು ಶಾಂತವಾಗಿರುವಂತೆ ಕಾಣುತ್ತದೆ, ಹೊಸಬರು ಇಳಿಯಲು ಆರಿಸಿಕೊಳ್ಳುವುದೂ ಅದನ್ನೇ. ಸೆಳೆತಕ್ಕೆ ಸಿಕ್ಕಿದವರು ನೇರವಾಗಿ ದಡದ ಕಡೆ ಈಜಲು ಹೋಗಿ ತೋಳು ಸೋತು ಮುಳುಗುತ್ತಾರೆ. ಹಾಗಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದ ಪಟ್ಟಿಯಿಂದ ಹೊರಬಂದು, ಆಮೇಲೆ ಅಲೆಗಳೊಂದಿಗೆ ದಡಕ್ಕೆ ಬರಬೇಕು. ಈಜಲಾಗದಿದ್ದರೆ ತೇಲುತ್ತ ಕೈ ಎತ್ತಿ ಕೂಗಬೇಕು. ಜೊತೆಗಾರರನ್ನು ಕಾಪಾಡಲು ಬರಿಗೈಯಲ್ಲಿ ಹಿಂದೆಯೇ ಹಾರುವುದು ಇನ್ನೊಂದು ಜೀವವನ್ನು ಕಳೆಯುವ ದಾರಿ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು, ಅದೂ ಮಳೆಗಾಲವಲ್ಲ. ಕೆಂಪು ಬಾವುಟ ಇರುವ ಕಡೆ ಪಾದವನ್ನೂ ಒದ್ದೆ ಮಾಡಬೇಡಿ, ಜೀವರಕ್ಷಕರು ಇರುವ ಕಡೆ ಮಾತ್ರ, ಮೊಣಕಾಲ ಮಟ್ಟದ ನೀರಿನಲ್ಲಿ ಇಬ್ಬರೂ ಕೈ ಹಿಡಿದು ನಿಂತುಕೊಳ್ಳಿ.

ಕಾರವಾರದ ಕಡಲ ದಂಡೆ ಊರ ನಡುವೆಯೇ ಇದೆ. ರವೀಂದ್ರನಾಥ ಠಾಕೂರರು 1880ರ ದಶಕದ ಆರಂಭದಲ್ಲಿ, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದರು. ದಂಡೆಗೆ ಅವರ ಹೆಸರನ್ನೇ ಇಡಲಾಗಿದೆ. ಕಾಳಿ ನದಿ ಕಡಲು ಸೇರುವ ಅಳಿವೆ, ಅದರಾಚೆ ಸದಾಶಿವಗಡದ ಗುಡ್ಡ, ದಂಡೆಯ ಮೇಲೆ ಯುದ್ಧನೌಕೆ ಚಾಪೆಲ್‌ನ ವಸ್ತು ಸಂಗ್ರಹಾಲಯ ಇವಿಷ್ಟು ಎರಡು ಸಂಜೆಗಳಿಗೆ ಸಾಕು. ನಡುಹಗಲು ಕೋಣೆಯಲ್ಲೇ ಇರಿ. ಕೊಪ್ಪಳದ ಒಣ ಬಿಸಿಲಿನಲ್ಲಿ ಬೆವರು ಆರಿ ಮೈ ತಣ್ಣಗಾಗುತ್ತದೆ, ಕಡಲ ತೇವದಲ್ಲಿ ಅದು ಆರದೆ ಮೈಗಂಟಿ ಕೂರುವುದರಿಂದ ಕಡಿಮೆ ಬಿಸಿಲಿದ್ದರೂ ಬಳಲಿಕೆ ಹೆಚ್ಚು. ಮನೆಯಿಂದ ಕಟಿ ರೊಟ್ಟಿ ಕಟ್ಟಿಕೊಂಡು ಹೋಗುವುದಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿ ಆ ಗಾಳಿಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗಿ ಬಾಗುತ್ತದೆ. ಶೇಂಗಾ ಚಟ್ನಿಪುಡಿಗೂ ಅದೇ ಎಚ್ಚರ.

ಪ್ರಶ್ನೆ: ನಾನು ಬಳ್ಳಾರಿಯ ನಿವೃತ್ತ ಶಿಕ್ಷಕ, ವಯಸ್ಸು 63. ನನ್ನ ಶ್ರೀಮತಿಗೆ 58, ಅವರು ಇದುವರೆಗೆ ಸಮುದ್ರ ನೋಡಿಲ್ಲ. ಮಂಡಿ ನೋವಿದೆ. ಮಗ ಗೋವಾ ಎನ್ನುತ್ತಾನೆ. ತಾವೇನು ಹೇಳುತ್ತೀರಿ?

ಉತ್ತರ: ಮೇಷ್ಟ್ರೇ, ನಾನು ವಿಶಾಖಪಟ್ಟಣ ಎನ್ನುತ್ತೇನೆ. ಬಳ್ಳಾರಿಯಲ್ಲಿ ಬಾಳಿದವರಿಗೆ ತೆಲುಗು ಹೊಸದಲ್ಲ. ಶ್ರೀಮತಿಯವರು ಆಟೋದವರೊಂದಿಗೆ, ಹೂವಿನವರೊಂದಿಗೆ ತಾವೇ ಮಾತನಾಡಬಲ್ಲ ಊರಿನಲ್ಲಿ ಅವರಿಗೆ ಸಿಗುವ ನಿರಾಳತೆ, ಪ್ರತಿಯೊಂದಕ್ಕೂ ನಿಮ್ಮನ್ನೇ ಮುಂದೆ ಮಾಡಬೇಕಾದ ಊರಿನಲ್ಲಿ ಸಿಗದು. ವಾಸ್ಕೋದಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿಯ ಮೂಲಕವೇ ವಿಶಾಖಪಟ್ಟಣಕ್ಕೆ ಹೋಗುತ್ತದೆ. ಅದು ದಿನವೂ ಇಲ್ಲ, ವಾರದ ಯಾವ ದಿನಗಳಲ್ಲಿ ಹೊರಡುತ್ತದೆಂದು ನೋಡಿಕೊಂಡು ಟಿಕೆಟ್ ಮಾಡಿಸಿ. ಹಿರಿಯ ನಾಗರಿಕರ ರಿಯಾಯಿತಿ 2020ರಿಂದ ಇಲ್ಲ, ಆದರೆ 60 ದಾಟಿದ ಪುರುಷರಿಗೆ ಮತ್ತು 45 ದಾಟಿದ ಮಹಿಳೆಯರಿಗೆ ಕೆಳಗಿನ ಬರ್ತ್ ಕೊಡುವ ಕೋಟಾ ಇದೆ, ಮಂಡಿ ನೋವಿಗೆ ಅದು ಮುಖ್ಯ.

ರಾಮಕೃಷ್ಣ ಬೀಚ್ ಎದುರಿನ ಕೋಣೆ ಹಿಡಿಯಿರಿ, ಬಾಡಿಗೆ ತುಸು ಹೆಚ್ಚಾದರೂ ಚಿಂತೆಯಿಲ್ಲ. ಕಿಟಕಿಯಿಂದಲೇ ಕಡಲು ಕಂಡರೆ ಹತ್ತಿ ಇಳಿಯುವ ಶ್ರಮ ಅರ್ಧ ಕಡಿಮೆ. ಅಲ್ಲಿ ಸೆಳೆತ ಜೋರಾದ್ದರಿಂದ ನೀರಿಗಿಳಿಯದೆ ದಂಡೆಯಲ್ಲೇ ಕೂರಿ. ಕೈಲಾಸಗಿರಿ ಗುಡ್ಡಕ್ಕೆ ತೂಗುಗಾಡಿ ಇದೆ, ಮೇಲಿನಿಂದ ತೀರದ ಬಾಗು ಪೂರ್ತಿ ಕಾಣುತ್ತದೆ. ದಂಡೆಯಲ್ಲಿ ವಸ್ತು ಸಂಗ್ರಹಾಲಯವಾಗಿ ನಿಲ್ಲಿಸಿರುವ ಜಲಾಂತರ್ಗಾಮಿ ನೌಕೆ ಕುರ್ಸುರಾದ ಒಳಗೆ ದಾರಿ ಬಹಳ ಇಕ್ಕಟ್ಟು, ಶ್ರೀಮತಿಯವರು ಹೊರಗಿನಿಂದ ನೋಡಿದರೆ ಸಾಕು. ಒಂದು ದಿನ ಅರಕು ಕಣಿವೆಗೆ ರೈಲಿನಲ್ಲಿ ಹೋಗಿ ಬನ್ನಿ. ಸಾಲು ಸಾಲು ಸುರಂಗಗಳ ಆ ಮಾರ್ಗವನ್ನು ಹಾಕಿದ್ದು ಛತ್ತೀಸ್‌ಗಢದ ಬೈಲಾಡಿಲದ ಕಬ್ಬಿಣದ ಅದಿರನ್ನು ಬಂದರಿಗೆ ತರಲು. ನಿಮ್ಮ ಸಂಡೂರಿನ ದೋಣಿಮಲೆಯಲ್ಲಿ ಗಣಿ ನಡೆಸುವ ಕೇಂದ್ರ ಸರ್ಕಾರದ ಕಂಪನಿ ಎನ್‌ಎಂಡಿಸಿಯೇ ಅಲ್ಲಿಯೂ ಅದಿರು ತೆಗೆಯುತ್ತದೆ. ಜನವರಿ, ಫೆಬ್ರುವರಿ ಅನುಕೂಲ. ಮಗನಿಗೆ, ಮುಂದಿನ ಸಲ ಗೋವಾಕ್ಕೆ ಎಲ್ಲರೂ ಕೂಡಿ ಹೋಗೋಣ ಎನ್ನಿ.

ಪ್ರಶ್ನೆ: ಕುಷ್ಟಗಿಯಿಂದ ಬರೆಯುತ್ತಿದ್ದೇನೆ. ತಾಳಿ, ಉಂಗುರ, ಕಾಲ್ಗೆಜ್ಜೆ ಹಾಕಿಕೊಂಡೇ ಸಮುದ್ರದ ನೀರಿಗೆ ಇಳಿಯಬಹುದೇ? ತೆಗೆಯಲು ಮನಸ್ಸಾಗುವುದಿಲ್ಲ.

ಉತ್ತರ: ತಣ್ಣೀರಿನಲ್ಲಿ ಬೆರಳು ಸಣ್ಣಗಾಗಿ ಉಂಗುರ ತಾನಾಗಿಯೇ ಜಾರುತ್ತದೆ, ಅಲೆಯ ಎಳೆತಕ್ಕೆ ಗೆಜ್ಜೆಯ ಕೊಂಡಿ ಬಿಚ್ಚಿಕೊಳ್ಳುತ್ತದೆ, ಮರಳಿನಲ್ಲಿ ಬಿದ್ದದ್ದು ಮತ್ತೆ ಸಿಗುವುದು ಅಪರೂಪ. ಇವೆರಡನ್ನು ಊರಿನಲ್ಲೇ ಬಿಟ್ಟು ಹೋಗಿ. ತಾಳಿ ತೆಗೆಯುವುದು ನಿಮಗೆ ಸರಿಬಾರದಿದ್ದರೆ ಹೊರಡುವ ಮುನ್ನ ಅಕ್ಕಸಾಲಿಗರ ಬಳಿ ಕೊಂಡಿಗಳನ್ನು ಬಿಗಿ ಮಾಡಿಸಿ, ಸರವನ್ನು ಕುಪ್ಪಸದೊಳಗೆ ಸೇರಿಸಿ ಪಿನ್ ಹಾಕಿಕೊಳ್ಳಿ. ಕೋಣೆಗೆ ಮರಳಿದ ಕೂಡಲೇ ಸಿಹಿನೀರಿನಲ್ಲಿ ತೊಳೆದು ಒರೆಸಿ, ಉಪ್ಪು ಉಳಿದರೆ ಕರಿಮಣಿಯ ದಾರ ಬೇಗ ಸವೆಯುತ್ತದೆ.