ಗ್ರಿಡ್‌ನ ಕಾಲಮ್‌ಗಳನ್ನು ಡೇಟಾ ಮಾದರಿಯಿಂದ ಬೇರೆಯಾಗಿಡಿ

ಬ್ರೌಸರ್ ಕಿಟಕಿಯ ಅಗಲ ಬದಲಾದಾಗಲೆಲ್ಲ ಉತ್ಪನ್ನಗಳ ಅರೇಯನ್ನು (ಕ್ರಮವಾದ ಪಟ್ಟಿಯನ್ನು) ಸಾಲುಗಳಾಗಿ ಕತ್ತರಿಸಿ ಇಡೀ ಗ್ರಿಡ್ಡನ್ನು ಮತ್ತೆ ಕಟ್ಟುವುದರಿಂದ, ಬಳಕೆದಾರರು ಗುರುತು ಹಾಕಿದ ಚೆಕ್‌ಬಾಕ್ಸ್‌ಗಳು ಅಳಿಸಿಹೋಗುತ್ತಿವೆ, ಇದಕ್ಕೆ ಪರಿಹಾರವೇನು ಎಂದು ಕೇಳಿದ್ದೀರಿ. ಡೇಟಾ ಮಾದರಿಗೆ, ಅಂದರೆ ಕೋಡ್ ಉತ್ಪನ್ನಗಳ ಮಾಹಿತಿಯನ್ನು ಇಟ್ಟುಕೊಳ್ಳುವ ರಚನೆಗೆ, ಸಾಲು, ಕಾಲಮ್‌ಗಳ ಗೊಡವೆಯೇ ಬೇಡ. ಅದು ಒಂದೇ ನೇರ ಪಟ್ಟಿಯಾಗಿರಲಿ, ಪ್ರತಿ ಅಂಶಕ್ಕೂ ಬದಲಾಗದ ಐಡಿ ಇರಲಿ. ಕೋಡ್ ಅಂಶಕ್ಕೊಂದು ಕಾರ್ಡ್ ರಚಿಸಿ ಒಂದೇ ಕಂಟೇನರ್‌ಗೆ ಕ್ರಮವಾಗಿ ಸೇರಿಸಿದರೆ ಸಾಕು, ಜೋಡಣೆ ಪುಟದ ವಿನ್ಯಾಸ ಹೇಳುವ ಭಾಷೆಯಾದ ಸಿಎಸ್‌ಎಸ್‌ನ ಹೊಣೆ.

ಕಂಟೇನರ್‌ನ ಗ್ರಿಡ್-ಟೆಂಪ್ಲೇಟ್-ಕಾಲಮ್ಸ್ ಗುಣಕ್ಕೆ ರಿಪೀಟ್ ಕೊಟ್ಟು, ಅದರೊಳಗೆ ಆಟೋ-ಫಿಲ್ (ಹಿಡಿಸುವಷ್ಟು ಕಾಲಮ್‌ಗಳು) ಮತ್ತು 240 ಪಿಕ್ಸೆಲ್‌ನಿಂದ 1 ಎಫ್‌ಆರ್‌ವರೆಗಿನ (ಉಳಿದ ಜಾಗದ ಒಂದು ಪಾಲಿನವರೆಗಿನ) ಮಿನ್‌ಮ್ಯಾಕ್ಸ್ (ಕನಿಷ್ಠ-ಗರಿಷ್ಠ ಅಗಲ) ಬರೆಯಿರಿ. 16 ಪಿಕ್ಸೆಲ್ ಗ್ಯಾಪ್ ಇದ್ದರೆ, ಕಂಟೇನರ್ 800 ಪಿಕ್ಸೆಲ್ ಅಗಲವಿದ್ದಾಗ 3 ಕಾಲಮ್‌ಗಳು, 500 ಇದ್ದಾಗ 2 ಕಾಲಮ್‌ಗಳು ತಾವಾಗಿಯೇ ಮೂಡುತ್ತವೆ. ಆಟೋ-ಫಿಲ್ ಬದಲು, ಖಾಲಿ ಕಾಲಮ್‌ಗಳನ್ನು ಮಡಚಿಬಿಡುವ ಆಟೋ-ಫಿಟ್ ಬಳಸಿದರೆ, ಹುಡುಕಾಟದ ನಂತರ ಎರಡೇ ಕಾರ್ಡ್ ಉಳಿದಾಗ ಅವು ಇಡೀ ಅಗಲಕ್ಕೆ ಹಿಗ್ಗುತ್ತವೆ. ಉತ್ಪನ್ನಗಳ ಪಟ್ಟಿಗೆ ಅದು ಒಪ್ಪುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಾದರಿಯೇ ಬದಲಾದಾಗ, ಯಾವ ಐಡಿಗೆ ಪುಟದ ಯಾವ ಎಲಿಮೆಂಟ್ (ಕಾರ್ಡ್) ಎಂದು ತೋರಿಸುವ ಒಂದು ಮ್ಯಾಪ್ ಇಟ್ಟುಕೊಂಡು, ಹೊಸದನ್ನು ಸೇರಿಸಿ, ಇಲ್ಲವಾದದ್ದನ್ನು ತೆಗೆದು, ಉಳಿದವನ್ನು ಮುಟ್ಟದೆ ಬಿಡಿ. ಅರೇಯ ಇಂಡೆಕ್ಸನ್ನು (ಸ್ಥಾನದ ಸಂಖ್ಯೆಯನ್ನು) ಐಡಿಯಾಗಿ ಬಳಸಲೇಬೇಡಿ, ಏಕೆಂದರೆ ನಡುವಿನ ಒಂದು ಉತ್ಪನ್ನ ಅಳಿದರೂ ಅದರ ಮುಂದಿನ ಗುರುತುಗಳೆಲ್ಲ ಪಕ್ಕದ ಉತ್ಪನ್ನಕ್ಕೆ ಜಾರಿಬಿಡುತ್ತವೆ.