ಓದುಗರ ಪ್ರಶ್ನೆ: ನೀಟ್ ಕೈಕೊಟ್ಟಿತು, ಅಲೈಡ್ ಹೆಲ್ತ್‌ನಲ್ಲಿ ಯಾವ ಡಿಗ್ರಿ ಸೇರಲಿ?

ಪ್ರಶ್ನೆ: ಅಕ್ಕ, ನಾನು ಚಳ್ಳಕೆರೆ ಕಡೆಯ ಹಳ್ಳಿಯವಳು. ಪಿಯುಸಿ ಪಿಸಿಬಿಯಲ್ಲಿ 81 ಪರ್ಸೆಂಟ್ ಬಂದಿದೆ. ನೀಟ್‌ನಲ್ಲಿ ಸರ್ಕಾರಿ ಸೀಟು ಸಿಗೋಷ್ಟು ಬರಲಿಲ್ಲ, ಪ್ರೈವೇಟ್ ಎಂಬಿಬಿಎಸ್ ನಮ್ಮ ಕೈಗೆ ಎಟುಕಲ್ಲ. ಫಿಸಿಯೋಥೆರಪಿ, ಲ್ಯಾಬ್ ಟೆಕ್ನಾಲಜಿ, ಡಯಾಲಿಸಿಸ್, ಒಟಿ-ಅನಸ್ತೇಶಿಯಾ ಈ ನಾಲ್ಕರಲ್ಲಿ ಯಾವುದು ಬೇಗ ಕೆಲಸ ಕೊಡುತ್ತೆ? ಮಾವ ಡಯಾಲಿಸಿಸ್ ಸೇರು ಅಂತಾರೆ, ಅಪ್ಪ ಬ್ಯಾಂಕ್ ಸಾಲಕ್ಕೂ ರೆಡಿ. ಅಜ್ಜಿಗೆ ಲಕ್ವಾ ಹೊಡೆದಾಗ ಎಬ್ಬಿಸಿ ನಡೆಸ್ತಿದ್ದದ್ದು ನಾನೇ. ಆದರೆ ರಕ್ತ ಕಂಡರೆ ಸ್ವಲ್ಪ ತಲೆ ತಿರುಗುತ್ತೆ.
— ಹೆಸರು ಬೇಡ, ಚಿತ್ರದುರ್ಗ ಜಿಲ್ಲೆ

ಉತ್ತರ: ತಂಗಿ, ಮೊದಲು ಅಪ್ಪನಿಗೆ ಹೇಳು, ಬ್ಯಾಂಕಿಗೆ ಹೋಗೋದನ್ನು ಸ್ವಲ್ಪ ದಿನ ಮುಂದಕ್ಕೆ ಹಾಕಲಿ. ಕೋರ್ಸಿನ ಹೆಸರು ಕೇಳಿ ಸೀಟು ತಗೊಂಡವರು ಎರಡನೇ ವರ್ಷದಲ್ಲಿ ಬಂದು "ಇದು ಇಂಥ ಕೆಲಸ ಅಂತ ಗೊತ್ತೇ ಇರಲಿಲ್ಲ" ಅನ್ನುವುದನ್ನು ಬೇಕಾದಷ್ಟು ಕೇಳಿದ್ದೇನೆ. ಹಾಗಾಗಿ ದಿನವಿಡೀ ಯಾವ ಕೋಣೆಯಲ್ಲಿ, ಯಾರ ಜೊತೆ, ಏನು ಮಾಡುತ್ತಾ ಇರುತ್ತೀಯ ಅನ್ನೋದನ್ನು ಹೇಳುತ್ತೇನೆ. ಆಮೇಲೆ ನೀನೇ ನೋಡು.

ಲ್ಯಾಬ್ ಅಂದರೆ ಎಂಎಲ್‌ಟಿಯಲ್ಲಿ ರೋಗಿಯ ಮುಖಕ್ಕಿಂತ ರೋಗಿಯ ತೋಳು ಜಾಸ್ತಿ ನೋಡುತ್ತೀಯ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು ಇರುತ್ತದೆ. ನೇರಳೆ ಮುಚ್ಚಳದ ಟ್ಯೂಬು ರಕ್ತಕಣಗಳ ಎಣಿಕೆಗೆ, ನೀಲಿಯದು ಹೆಪ್ಪುಗಟ್ಟುವ ಪರೀಕ್ಷೆಗೆ, ಬೂದು ಬಣ್ಣದ್ದು ಶುಗರ್‌ಗೆ. ಸಿರಿಂಜಿನಿಂದ ಟ್ಯೂಬಿಗೆ ರಕ್ತವನ್ನು ಅವಸರದಲ್ಲಿ ಒತ್ತಿ ಬಿಟ್ಟರೆ ಕೆಂಪು ಕಣಗಳು ಒಡೆಯುತ್ತವೆ, ಅವುಗಳೊಳಗಿನ ಪೊಟ್ಯಾಸಿಯಂ ಹೊರಗೆ ಬರುತ್ತದೆ, ರಿಪೋರ್ಟಿನಲ್ಲಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಆರೋಗ್ಯವಾಗಿರುವ ಮನುಷ್ಯನ ಮನೆಯವರನ್ನು ಹೆದರಿಸೋಕೆ ಅಷ್ಟು ಸಾಕು. ಈ ಥರದ ಸಣ್ಣ ಸಣ್ಣ ವಿಷಯದಲ್ಲಿ ಬೇಸರ ಪಡದವರಿಗೆ ಹೇಳಿ ಮಾಡಿಸಿದ ಕೆಲಸ. ಕೆಲಸ ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತದೆ. ಆದರೆ ಡಿಪ್ಲೊಮಾ ಮಾಡಿದವರೂ ಅದೇ ಕೆಲಸಕ್ಕೆ ನಿಂತಿರುತ್ತಾರೆ, ಅದಕ್ಕೇ ಶುರುವಿನ ಸಂಬಳ ಕಡಿಮೆ. "ಸ್ವಂತ ಲ್ಯಾಬ್ ಹಾಕ್ತೀನಿ" ಅನ್ನೋ ಕನಸಿದ್ದರೆ ಒಂದು ಮಾತು: ರಿಪೋರ್ಟಿಗೆ ಪೆಥಾಲಜಿಯಂಥ ಸ್ನಾತಕೋತ್ತರ ಓದಿರುವ ನೋಂದಾಯಿತ ವೈದ್ಯರೇ ಸಹಿ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಸಹಿ ಹಾಕುವ ಡಾಕ್ಟರ್ ಇಲ್ಲದೆ ನಿನ್ನ ಡಿಗ್ರಿ ಒಂದರ ಮೇಲೆ ಲ್ಯಾಬ್ ನಿಲ್ಲಲ್ಲ.

ಡಯಾಲಿಸಿಸ್ ಬಗ್ಗೆ ನಿನ್ನ ಮಾವ ಹೇಳಿದ್ದು ಪೂರ್ತಿ ತಪ್ಪಲ್ಲ. 2016ರಲ್ಲಿ ಕೇಂದ್ರದ ಡಯಾಲಿಸಿಸ್ ಯೋಜನೆ ಬಂದ ಮೇಲೆ ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳಲ್ಲೆಲ್ಲ ಯಂತ್ರಗಳು ಬಂದಿವೆ, ಅವನ್ನು ನಡೆಸುವವರು ಬೇಕೇ ಬೇಕು. ಮಾವ ಹೇಳದೆ ಬಿಟ್ಟದ್ದು ಏನೆಂದರೆ, ಇಂಥ ಹುದ್ದೆಗಳಲ್ಲಿ ಬಹಳಷ್ಟು ಗುತ್ತಿಗೆಯವು. ಸಂಬಳ ಒಂದು ಮಟ್ಟಕ್ಕೆ ಬಂದು ಅಲ್ಲೇ ಕೂತುಬಿಡುತ್ತದೆ. ಕೆಲಸ ಹೀಗಿರುತ್ತದೆ: ಒಬ್ಬ ರೋಗಿಗೆ ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ, ವಾರಕ್ಕೆ ಎರಡು ಅಥವಾ ಮೂರು ಸಲ, ಅದೂ ವರ್ಷಗಟ್ಟಲೆ ಅದೇ ಜನ. ಡಯಾಲಿಸಿಸ್‌ಗೆ ಅಂತ ಕೈಯಲ್ಲಿ ಆಪರೇಷನ್ ಮಾಡಿ ರಕ್ತನಾಳಗಳನ್ನು ಜೋಡಿಸಿರುತ್ತಾರೆ, ಅದೇ ಫಿಸ್ಟುಲಾ. ಅದರ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಝುಂ ಅಂತ ಹರಿಯೋದು ಗೊತ್ತಾಗಬೇಕು. ಆ ಝುಂ ಇಲ್ಲ ಅಂದರೆ ಸೂಜಿ ಚುಚ್ಚೋ ಮೊದಲೇ ಡಾಕ್ಟರನ್ನು ಕರೆಯಬೇಕು. ಮಾತಾಡುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಬಿಪಿ ಇಳಿದು ಬೆವರು ಕಿತ್ತುಕೊಂಡು ಬರುತ್ತದೆ, ಆಗ ನಿನ್ನ ಕೈ ನಡುಗಬಾರದು. ಅವರ ಮಕ್ಕಳ ಮದುವೆ, ಹೊಲದ ಬೆಳೆ ಎಲ್ಲ ನಿನಗೆ ಗೊತ್ತಾಗಿರುತ್ತದೆ, ಕೆಲವರು ತೀರಿಕೊಳ್ಳುತ್ತಾರೆ. ಇದನ್ನು ತಡಕೊಳ್ಳೋಕೆ ಎಲ್ಲರಿಗೂ ಆಗಲ್ಲ.

ಒಟಿ-ಅನಸ್ತೇಶಿಯಾ ಅಂದರೆ ಆಪರೇಷನ್ ಥಿಯೇಟರ್ ಮತ್ತು ಅರಿವಳಿಕೆಯ ಕೆಲಸ. ಇಲ್ಲಿ ರೋಗಿ ಮಲಗಿರುತ್ತಾರೆ, ಮಾತುಕತೆ ಇಲ್ಲ. ಡಾಕ್ಟರ್ ಬರೋ ಮೊದಲು ನಿನ್ನ ಕೆಲಸ ಮುಗಿದಿರಬೇಕು. ಮೆಷಿನ್‌ನಲ್ಲಿ ಗ್ಯಾಸ್ ಸೋರುತ್ತಿದೆಯಾ, ಆಕ್ಸಿಜನ್ ಸಿಲಿಂಡರ್ ತುಂಬಿದೆಯಾ, ಸಕ್ಷನ್ ಎಳೆಯುತ್ತಾ, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಲೈಟು ಹತ್ತುತ್ತಾ, ಟ್ಯೂಬುಗಳು ಸೈಜ್ ಪ್ರಕಾರ ಇವೆಯಾ. ಗಂಟೆಗಟ್ಟಲೆ ನಿಲ್ಲಬೇಕು, ರಾತ್ರಿ ಎರಡಕ್ಕೆ ಆಕ್ಸಿಡೆಂಟ್ ಕೇಸ್ ಬಂದರೂ ಓಡಬೇಕು. ಚುರುಕಿನವರಿಗೆ ಇಷ್ಟವಾಗುವ ಕೆಲಸ. ಆದರೆ ಯಾವತ್ತೂ ಯಾರದೋ ಆಸ್ಪತ್ರೆಯ ಒಳಗೇ ಇರಬೇಕು.

ಫಿಸಿಯೋಥೆರಪಿಯ ಲೆಕ್ಕ ಬೇರೆ. ಮೇಲಿನ ಮೂರೂ ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿವಿಯಲ್ಲಿ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಅಂತ ನಡೆದುಕೊಂಡು ಬಂದಿವೆ. ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿ, ನಾಲ್ಕೂವರೆ ವರ್ಷ ಇತ್ತು, ಹೊಸ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಸೇರಿ ಐದು ವರ್ಷ. ಮುಗಿದ ಕೂಡಲೇ ಸಿಗುವ ಸಂಬಳ ನೋಡಿದರೆ ಬೇಜಾರಾಗುತ್ತದೆ. ಆದರೆ ಮನೆಮನೆಗೆ ಹೋಗಿ ಚಿಕಿತ್ಸೆ ಕೊಡಬಹುದು, ಸ್ವಂತ ಕ್ಲಿನಿಕ್ ಇಡಬಹುದು, ಮುಂದೆ ಓದಿ ಎಂಪಿಟಿ ಅನ್ನುವ ಸ್ನಾತಕೋತ್ತರ ಡಿಗ್ರಿ ಮಾಡಬಹುದು. ಮಂಡಿ ಬದಲಿಸಿಕೊಂಡವರು, ಲಕ್ವಾ ಹೊಡೆದವರು, ಬೆನ್ನುನೋವಿನ ಐಟಿಯವರು, ಯಾರಿಗೂ ಬರ ಇಲ್ಲ. ಮೈಯಲ್ಲಿ ಶಕ್ತಿ ಬೇಕು, ಬಾಯಲ್ಲಿ ತಾಳ್ಮೆ ಬೇಕು. (ಹೆಸರಿನ ಮುಂದೆ 'ಡಾ.' ಹಾಕಬಹುದಾ ಅನ್ನೋ ಜಗಳ ಇನ್ನೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಹಾಕಬಾರದು ಅಂತ ಕೇಂದ್ರದಿಂದ ಪತ್ರ ಬಂತು, ಮರುದಿನವೇ ವಾಪಸ್ ಹೋಯಿತು! ಅದನ್ನು ನೋಡಿ ಕೋರ್ಸ್ ಆರಿಸಬೇಡ.)

ಇದಕ್ಕಿಂತ ದೊಡ್ಡ ವಿಷಯ ಕಾಲೇಜಿನ ಹಿಂದೆ ಇರುವ ಆಸ್ಪತ್ರೆ. ಕೆಲವು ಕಡೆ ಬೋರ್ಡು ಭರ್ಜರಿ, ಆಸ್ಪತ್ರೆ ಮಾತ್ರ ಕಾಗದದ ಮೇಲೆ. ಹಬ್ಬ, ರಜೆ ಇಲ್ಲದ ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಹೋಗಿ ಹೊರರೋಗಿ ವಿಭಾಗದಲ್ಲಿ ಸುಮ್ನೆ ಅರ್ಧ ಗಂಟೆ ಕೂತ್ಕೋ. ಸಾಲಿದೆಯಾ ನೋಡು. ಡಯಾಲಿಸಿಸ್ ಸೇರೋದಾದರೆ ಎಷ್ಟು ಯಂತ್ರ ಓಡುತ್ತಿವೆ ಎಣಿಸು. ಮೂರನೇ ವರ್ಷದವರನ್ನು ಕ್ಯಾಂಟೀನಲ್ಲಿ ಹಿಡಿದು ಕೇಳು, ಕೈಯಾರೆ ಮಾಡೋಕೆ ಬಿಡುತ್ತಾರಾ ಇಲ್ಲ ಹಾಜರಿ ಹಾಕಿ ಕಳಿಸುತ್ತಾರಾ, ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಉಂಟಾ ಅಂತ. ಪ್ರಿನ್ಸಿಪಾಲರನ್ನು ಕೇಳಿದರೆ ಎಲ್ಲ ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ಅಲ್ವಾ?

ನನ್ನನ್ನು ಕೇಳಿದರೆ, ನಿನಗೆ ಫಿಸಿಯೋ. ಅಜ್ಜಿಯನ್ನು ಎಬ್ಬಿಸಿ ನಡೆಸಿದ್ದನ್ನು ಯಾರೂ ಕೇಳದಿದ್ದರೂ ಬರೆದಿದ್ದೀಯ. ಆದರೆ ಒಂದು ಷರತ್ತು. ಸರ್ಕಾರಿ ಕಾಲೇಜು ಅಥವಾ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಕಡಿಮೆ ಫೀಸಿನ ಸೀಟು ಸಿಕ್ಕರೆ ಮಾತ್ರ. ದೊಡ್ಡ ಸಾಲ ಮಾಡಿ ಖಾಸಗಿಯಲ್ಲಿ ಬಿಪಿಟಿ ಬೇಡ, ಮೊದಲ ಎರಡು ಮೂರು ವರ್ಷದ ಸಂಬಳದಲ್ಲಿ ಕಂತು ಕಟ್ಟೋಕೆ ಆಗಲ್ಲ. ಅದು ಸಿಗದಿದ್ದರೆ, ಸಾಲ ಇಲ್ಲದೆ ಸಿಗುವ ಡಯಾಲಿಸಿಸ್ ಸೀಟು ಎರಡನೆಯದು. ರಕ್ತದ ವಿಷಯಕ್ಕೆ ತಲೆ ಕೆಡಿಸ್ಕೋಬೇಡ, ಸುಮಾರು ಜನಕ್ಕೆ ಮೊದಲು ಹಾಗೇ ಆಗುತ್ತದೆ, ನೋಡ್ತಾ ನೋಡ್ತಾ ಹೋಗುತ್ತದೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ಹಾಕಲು ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೋ. ಪ್ರವೇಶದ ನಿಯಮಗಳು ಈಗ ವರ್ಷ ವರ್ಷ ಬದಲಾಗುತ್ತಿವೆ. ಹೋದ ವರ್ಷ ಸೇರಿದವರ ಮಾತು ನಂಬಿ ಕೂರಬೇಡ, ಈ ವರ್ಷದ ಕೆಇಎ ಪ್ರಕಟಣೆ ನೋಡು.

ಪ್ರಶ್ನೆ: ಸರ್ ಅಥವಾ ಮೇಡಂ, ನಾನು ಪಿಸಿಎಂ ವಿದ್ಯಾರ್ಥಿ. ಎಂಜಿನಿಯರಿಂಗ್ ಇಷ್ಟ ಇಲ್ಲ. ಬಯಾಲಜಿ ಇಲ್ಲದೆ ಆಸ್ಪತ್ರೆ ಕಡೆಗೆ ಬರೋಕೆ ದಾರಿನೇ ಇಲ್ವಾ?
— ಹಾವೇರಿಯಿಂದ ಒಬ್ಬ

ಉತ್ತರ: ಮೇಡಂ ಅನ್ನಿ, ಪರವಾಗಿಲ್ಲ. ದಾರಿ ಇದೆ. ಆಪ್ಟೋಮೆಟ್ರಿ, ಅಂದರೆ ಕಣ್ಣಿನ ದೃಷ್ಟಿ ಪರೀಕ್ಷಿಸುವ ಡಿಗ್ರಿಗೆ ಹಲವು ವಿಶ್ವವಿದ್ಯಾಲಯಗಳು ಗಣಿತ ಓದಿದವರನ್ನೂ ತೆಗೆದುಕೊಳ್ಳುತ್ತವೆ. ನಾಲ್ಕು ವರ್ಷ. ಬೆಳಕು, ಮಸೂರ, ಕೋನ ಅಂತ ಭೌತಶಾಸ್ತ್ರವೇ ಜಾಸ್ತಿ, ನಿಮಗೆ ಕಷ್ಟ ಆಗಲಿಕ್ಕಿಲ್ಲ. "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?" ಅಂತ ದಿನಕ್ಕೆ ನೂರು ಸಲ ಕೇಳುವ ಸಹನೆ ಮಾತ್ರ ಇರಲಿ.

ಆದರೆ ಜನ ಮರೆಯುವ ಇನ್ನೊಂದು ಕೋರ್ಸಿದೆ, ನನಗೆ ಅದರ ಮೇಲೆ ಒಂದು ಕೈ ಪ್ರೀತಿ ಜಾಸ್ತಿ. ಬಿಎಎಸ್‌ಎಲ್‌ಪಿ, ಅಂದರೆ ಕಿವಿ ಮತ್ತು ಮಾತಿನ ತೊಂದರೆಗಳ ಡಿಗ್ರಿ. ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಗಣಿತ ಇದ್ದರೂ ನಡೆಯುತ್ತದೆ. ಇದಕ್ಕೆ ದೇಶದಲ್ಲೇ ಹೆಸರಾದ ಸಂಸ್ಥೆ ನಮ್ಮ ಮೈಸೂರಿನಲ್ಲಿದೆ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮಾನಸಗಂಗೋತ್ರಿಯಲ್ಲಿ. ಅದಕ್ಕೆ ಅದರದೇ ಪ್ರವೇಶ ಪರೀಕ್ಷೆ. ಹುಟ್ಟಿದ ಮಗುವಿಗೆ ಕಿವಿ ಕೇಳುತ್ತಾ ಅಂತ ನೋಡುವುದರಿಂದ ಹಿಡಿದು, ಲಕ್ವಾ ಹೊಡೆದು ಮಾತು ಹೋದ ತಾತನಿಗೆ ಮತ್ತೆ "ನೀರು" ಅನ್ನಿಸುವವರೆಗೆ ಎಲ್ಲ ಇವರ ಕೆಲಸವೇ. ಇಲ್ಲಿ ಕನ್ನಡ ಬರುವುದೇ ಒಂದು ಬಂಡವಾಳ. ಮನೆಯಲ್ಲಿ ಕನ್ನಡ ಕೇಳುತ್ತಾ ಬೆಳೆಯುವ ಮಗುವಿಗೆ ಇಂಗ್ಲಿಷಿನಲ್ಲಿ ಥೆರಪಿ ಕೊಟ್ಟು ಏನು ಮಾಡುವುದು? ಹಾವೇರಿ ಕಡೆಯ ಮಾತಿನ ಧಾಟಿ ಗೊತ್ತಿರುವವರು ಆ ಕಡೆ ಬೇಕಾಗಿದ್ದಾರೆ. ಓದು ಮುಗಿದ ಮೇಲೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಆಗಬೇಕು. ಕಾಲೇಜಿಗೆ ಅದರ ಮಾನ್ಯತೆ ಇದೆಯಾ ಅಂತ ಸೇರುವ ಮೊದಲೇ ನೋಡಿ. ಸ್ವಂತ ಕ್ಲಿನಿಕ್ಕಿಗೂ ಅವಕಾಶ ಇದೆ.

ಪ್ರಶ್ನೆ: ಮೇಡಂ, ಮಗಳಿಗೆ ಇಮೇಜಿಂಗ್ ಟೆಕ್ನಾಲಜಿ ಸೀಟು ಸಿಕ್ಕಿದೆ, ಅವಳಿಗೂ ಖುಷಿ. ನಮ್ಮ ಮನೆಯವರು ರೇಡಿಯೇಷನ್ ಇರುತ್ತೆ, ಮುಂದೆ ಮಕ್ಕಳಾಗೋದಕ್ಕೆ ತೊಂದರೆ ಅಂತ ಹೆದರಿಸ್ತಿದ್ದಾರೆ. ಏನು ಮಾಡ್ಲಿ?
— ಒಬ್ಬ ತಾಯಿ, ಕುಂದಾಪುರ

ಉತ್ತರ: ಕಳಿಸಿ. ಹೆದರಿಕೆ ಇರೋದು ಸಹಜ, ಆದರೆ ಈ ಕೆಲಸದಲ್ಲಿ ರೇಡಿಯೇಷನ್ನನ್ನು ಅಳೆಯುತ್ತಾರೆ. ಎಕ್ಸ್‌ರೇ, ಸಿಟಿ ವಿಭಾಗದ ಪ್ರತಿಯೊಬ್ಬರೂ ಎದೆಯ ಹತ್ತಿರ ಟಿಎಲ್‌ಡಿ ಅನ್ನುವ, ರೇಡಿಯೇಷನ್ ಅಳೆಯುವ ಬ್ಯಾಡ್ಜ್ ಹಾಕಿಕೊಳ್ಳಬೇಕು, ಲೆಡ್ ಏಪ್ರನ್ ಹಾಕಿದಾಗ ಅದರ ಒಳಗೆ. ಮೂರು ತಿಂಗಳಿಗೊಮ್ಮೆ ಅದು ಪರೀಕ್ಷೆಗೆ ಹೋಗಿ, ಎಷ್ಟು ಬಿದ್ದಿದೆ ಅಂತ ಲೆಕ್ಕ ಬರುತ್ತದೆ. ಕೆಲಸದವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ರೇಡಿಯೇಷನ್ ಅಳತೆ) ಮಿತಿ. ಗೋಡೆಯ ಆಚೆ ಕಂಟ್ರೋಲ್ ರೂಮಿನಲ್ಲಿ ನಿಂತು ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಇದರ ಹತ್ತಿರಕ್ಕೂ ಬರುವುದಿಲ್ಲ. ಗರ್ಭಿಣಿ ಅಂತ ತಿಳಿಸಿದ ಮೇಲೆ ನಿಯಮ ಇನ್ನೂ ಬಿಗಿ. ಎಂಆರ್‌ಐನಲ್ಲಂತೂ ಎಕ್ಸ್‌ರೇ ಇಲ್ಲವೇ ಇಲ್ಲ. ಅಲ್ಲಿಯ ಅಪಾಯ ಬೇರೆ, ಸ್ಕ್ಯಾನ್ ನಡೆಯದಿದ್ದಾಗಲೂ ಆ ಆಯಸ್ಕಾಂತ ಆನ್ ಆಗಿಯೇ ಇರುತ್ತದೆ, ಕಬ್ಬಿಣದ ಸಾಮಾನು ಒಳಗೆ ಹೋಗದ ಹಾಗೆ ನೋಡಿಕೊಳ್ಳಬೇಕು.

ನಿಮ್ಮ ಮಗಳು ಕಾಲೇಜಿನಲ್ಲಿ ಕೇಳಬೇಕಾದ್ದು ಇಷ್ಟೇ: ವಿದ್ಯಾರ್ಥಿಗಳಿಗೆ ಬ್ಯಾಡ್ಜ್ ಕೊಡುತ್ತೀರಾ? "ಆಮೇಲೆ ನೋಡೋಣ" ಅಂದರೆ ಆ ಕಾಲೇಜು ಬೇಡ. ಇನ್ನೊಂದು, ಈ ಡಿಗ್ರಿ ಮಾಡಿದರೆ ಅಲ್ಟ್ರಾಸೌಂಡ್ ಸೆಂಟರ್ ನಡೆಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇರುವುದರಿಂದ ನಮ್ಮಲ್ಲಿ ಆ ಸ್ಕ್ಯಾನ್ ಅರ್ಹ ವೈದ್ಯರೇ ಮಾಡಬೇಕು.

ಪ್ರಶ್ನೆ: ಡಿಎಂಎಲ್‌ಟಿ ಮುಗಿಸಿ ಲ್ಯಾಬ್‌ನಲ್ಲಿದ್ದೇನೆ. ಹೊರರಾಜ್ಯದ ಯೂನಿವರ್ಸಿಟಿಯಿಂದ ಮನೆಯಲ್ಲೇ ಕೂತು ಬಿಎಸ್ಸಿ ಎಂಎಲ್‌ಟಿ ಕೊಡಿಸ್ತೀವಿ ಅಂತ ಏಜೆಂಟ್ ಫೋನ್ ಮಾಡ್ತಿದ್ದಾನೆ. ಕಟ್ಟಲಾ?
— ಹೊಸಪೇಟೆ

ಉತ್ತರ: ಒಂದು ರೂಪಾಯಿಯನ್ನೂ ಕಟ್ಟಬೇಡಿ. 2021ರ ಅಲೈಡ್ ಹೆಲ್ತ್ ಕಾಯ್ದೆಯ ಕೆಳಗೆ ಬರುವ ಕೋರ್ಸ್‌ಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಡುವಂತಿಲ್ಲ ಅಂತ ಯುಜಿಸಿ 2025ರಲ್ಲಿ ಹೇಳಿಯಾಗಿದೆ. ಡಿಪ್ಲೊಮಾದವರು ರೆಗ್ಯುಲರ್ ಡಿಗ್ರಿಯ ಎರಡನೇ ವರ್ಷಕ್ಕೆ ನೇರ ಸೇರಬಹುದಾ ಅಂತ ವಿವಿಯ ಈ ವರ್ಷದ ಪ್ರಕಟಣೆಯಲ್ಲಿ ನೋಡಿ. ಏಜೆಂಟ್ ನಂಬರ್ ಬ್ಲಾಕ್ ಮಾಡಿ.

ಪ್ರಶ್ನೆ: ದುಬೈ, ಸೌದಿಗೆ ಹೋಗೋಕೆ ಯಾವ ಕೋರ್ಸ್ ಬೆಸ್ಟ್?
— ಭಟ್ಕಳ

ಉತ್ತರ: ಕೋರ್ಸಿಗಿಂತ ಅನುಭವ ಕೇಳುತ್ತಾರೆ. ಡಿಗ್ರಿ ಆದ ಮೇಲೆ ಸಾಮಾನ್ಯವಾಗಿ ಎರಡು ವರ್ಷವಾದರೂ ಒಳ್ಳೆಯ ಆಸ್ಪತ್ರೆಯಲ್ಲಿ ದುಡಿದಿರಬೇಕು, ಲೈಸೆನ್ಸ್ ಪರೀಕ್ಷೆ ಬರೆಯಬೇಕು, ಡೇಟಾಫ್ಲೋ ಅನ್ನುವ ಪರಿಶೀಲನೆ ದಾಟಬೇಕು. ಅದರಲ್ಲಿ ನಿಮ್ಮ ಕಾಲೇಜಿಗೆ, ನಿಮ್ಮ ಹಳೇ ಆಸ್ಪತ್ರೆಗೆ ನೇರವಾಗಿ ಕೇಳುತ್ತಾರೆ, ಸುಳ್ಳು ಸರ್ಟಿಫಿಕೇಟ್ ಅಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಇಲ್ಲಿ ಕೆಲಸ ಬಿಡುವಾಗ ಎಚ್‌ಆರ್ ಜೊತೆ ಜಗಳ ಮಾಡಿಕೊಂಡು ಬರಬೇಡಿ. ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು ಸರಿಯಾಗಿರುವ ಅನುಭವ ಪತ್ರವನ್ನು ಸಹಿ-ಸೀಲಿನೊಂದಿಗೆ ಕೈಯಲ್ಲಿ ತಗೊಂಡೇ ಹೊರಡಿ. ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರೇ ಅದರಲ್ಲೂ ಇರಲಿ, ಇನಿಷಿಯಲ್ ಸಮೇತ.